ದಿನ ಎಣಿಸಿದರೆ ಸಾಲದು: ಅಮೆರಿಕದ ಪೌರತ್ವಕ್ಕೆ ವಾಸ ಮತ್ತು ಪ್ರಯಾಣದ ನಿಯಮ

ಅಮೆರಿಕದ ಗ್ರೀನ್ ಕಾರ್ಡ್ ಇರುವ ಕನ್ನಡಿಗರ ಮನೆಗಳಲ್ಲಿ ಒಂದು ಲೆಕ್ಕ ಎಲ್ಲರಿಗೂ ಬಾಯಿಪಾಠ. ಐದು ವರ್ಷ ಕಾಯಬೇಕು, ಅದರಲ್ಲಿ ಎರಡೂವರೆ ವರ್ಷ ಅಲ್ಲಿರಬೇಕು, ಊರಿಗೆ ಬಂದರೆ ಆರು ತಿಂಗಳೊಳಗೆ ವಾಪಸಾಗಬೇಕು. ಈ ಲೆಕ್ಕ ತಪ್ಪಲ್ಲ. ಆದರೆ ಇದು ಕಾನೂನಿನ ಅರ್ಧ ಮಾತ್ರ, ಅದೂ ಸುಲಭದ ಅರ್ಧ. ಎನ್-400 ಎಂಬ ಪೌರತ್ವದ ಅರ್ಜಿಯನ್ನು ಕೈಗೆತ್ತಿಕೊಂಡ ಅಧಿಕಾರಿ ನೀವು ಎಷ್ಟು ದಿನ ಅಮೆರಿಕದಲ್ಲಿದ್ದಿರಿ ಎಂದು ಕೇಳುತ್ತಾರೆ, ನಿಜ. ಜೊತೆಗೇ, ಈ ಐದು ವರ್ಷ ನಿಮ್ಮ ಸಂಸಾರ ನಡೆದದ್ದು ಎಲ್ಲಿ ಎಂದೂ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಕ್ಯಾಲೆಂಡರ್ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಬಾಡಿಗೆ ಕರಾರು, ಸಂಬಳದ ಚೀಟಿ, ತೆರಿಗೆ ರಿಟರ್ನ್, ಹೆಂಡತಿ ಮಕ್ಕಳಿದ್ದ ಊರು ಇವೆಲ್ಲ ಸೇರಿ ಉತ್ತರ ಹೇಳಬೇಕು. ಕ್ಯಾಲೆಂಡರನ್ನೊಂದೇ ನೋಡಿಕೊಂಡು ಟಿಕೆಟ್ ಮಾಡಿಸುವವರು ಸಿಕ್ಕಿಬೀಳುವುದು ಈ ಎರಡನೆಯ ಪ್ರಶ್ನೆಯಲ್ಲಿ. ಮನೆಮಠವನ್ನು ನಿಜಕ್ಕೂ ಅಲ್ಲೇ ಮಾಡಿಕೊಂಡವರು ಯಾವುದೋ ಕಷ್ಟಕ್ಕೆ ಏಳು ತಿಂಗಳು ಊರಲ್ಲಿ ನಿಂತರೂ ಪಾರಾಗಬಲ್ಲರು; ಮನೆಯನ್ನು ಇಲ್ಲಿಟ್ಟು ಹಾಜರಿಯನ್ನು ಅಲ್ಲಿ ಹಾಕಿಸುವವರು ಒಮ್ಮೆಯೂ ಆರು ತಿಂಗಳು ಮೀರದೆ ಸೋಲಬಹುದು.

1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 316ನೇ ಸೆಕ್ಷನ್ ಈ ಎರಡನ್ನೂ ಬೇರೆಬೇರೆ ಷರತ್ತುಗಳಾಗಿಯೇ ಇಟ್ಟಿದೆ. ಒಂದು ಸತತ ವಾಸ: ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಐದು ವರ್ಷ ಅಮೆರಿಕದ ನಿವಾಸಿಯಾಗಿರಬೇಕು. ಇನ್ನೊಂದು ಖುದ್ದು ಹಾಜರಿ: ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ ಎಣಿಸಿದ ಐದು ವರ್ಷದಲ್ಲಿ ಕನಿಷ್ಠ ಅರ್ಧ ಕಾಲ, ಎಂದರೆ 30 ತಿಂಗಳು ಅಥವಾ 913 ದಿನ, ಆ ದೇಶದೊಳಗೆ ಇದ್ದಿರಬೇಕು. ಅಮೆರಿಕ ಬಿಟ್ಟ ದಿನ ಮತ್ತು ಮರಳಿ ಕಾಲಿಟ್ಟ ದಿನ ಎರಡೂ ನಿಮ್ಮ ಪಾಲಿಗೇ ಜಮಾ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಮೂರು ವರ್ಷ ಒಟ್ಟಿಗೆ ಸಂಸಾರ ಮಾಡಿದವರಿಗೆ ಐದರ ಬದಲು ಮೂರು ವರ್ಷ, ಹಾಜರಿ 18 ತಿಂಗಳು. ಆ ಸಂಗಾತಿ ಅಷ್ಟೂ ಕಾಲ ಪ್ರಜೆಯಾಗಿದ್ದಿರಬೇಕು. ಅರ್ಜಿ ಹಾಕುವ ರಾಜ್ಯದಲ್ಲಿ ಅಥವಾ ವಲಸೆ ಇಲಾಖೆಯ ಜಿಲ್ಲೆಯಲ್ಲಿ ಮೂರು ತಿಂಗಳು ನೆಲೆಸಿರಬೇಕೆಂಬ ಚಿಕ್ಕ ಷರತ್ತೂ ಇದೆ. ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸಿದ ವಾರದಲ್ಲೇ ಅರ್ಜಿ ಹಾಕುವವರು ಇದನ್ನು ಮರೆಯುತ್ತಾರೆ. ಐದು ವರ್ಷ ತುಂಬುವುದಕ್ಕೆ 90 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಆದರೆ ಹಾಜರಿಯ ದಿನಗಳು ಅರ್ಜಿ ಹಾಕುವ ಹೊತ್ತಿಗೇ ತುಂಬಿರಬೇಕು. ಎಣಿಕೆ ಶುರುವಾಗುವುದು ಕಾರ್ಡಿನ ಮೇಲೆ ಅಚ್ಚಾಗಿರುವ ‘ರೆಸಿಡೆಂಟ್ ಸಿನ್ಸ್’ ದಿನಾಂಕದಿಂದ. ಅದಕ್ಕೆ ಮುಂಚೆ ಎಚ್-1ಬಿ ವೀಸಾದಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ತೆರಿಗೆ ಕಟ್ಟಿದ್ದರೂ ಒಂದು ದಿನವೂ ಲೆಕ್ಕಕ್ಕೆ ಬರುವುದಿಲ್ಲ. ಉದ್ಯೋಗದ ಗ್ರೀನ್ ಕಾರ್ಡಿನ ಸರತಿಯಲ್ಲಿ ಭಾರತದವರು ನಿಂತಷ್ಟು ಕಾಲ ಬೇರೆಯವರು ನಿಲ್ಲುವುದಿಲ್ಲವಾದ್ದರಿಂದ ಈ ನಿಯಮದ ಬಿಸಿ ನಮ್ಮವರಿಗೆ ಹೆಚ್ಚು ತಟ್ಟುತ್ತದೆ.

ಸತತ ವಾಸ ಮುರಿಯುವುದು ಯಾವಾಗ? ಕಾಯ್ದೆ ಎರಡು ಗೆರೆ ಎಳೆದಿದೆ. ಒಂದೇ ಪ್ರಯಾಣ ಆರು ತಿಂಗಳು ಮೀರಿ ಒಂದು ವರ್ಷದೊಳಗಿದ್ದರೆ ವಾಸ ಮುರಿದಿದೆ ಎಂದು ಅಧಿಕಾರಿ ಭಾವಿಸುತ್ತಾರೆ. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದು. ಒಂದು ವರ್ಷ ಅಥವಾ ಹೆಚ್ಚಾದರೆ ವಾದಕ್ಕೆ ಜಾಗವೇ ಇಲ್ಲ, ಮುರಿಯಿತು ಎಂದೇ ಅರ್ಥ. ಜನ ನೆನಪಿಟ್ಟುಕೊಳ್ಳುವುದು ಈ ಎರಡು ಗೆರೆಗಳನ್ನು. ಇವಕ್ಕಿಂತ ಮುಖ್ಯವಾದ ಮಾತು ಅದೇ ಕಾಯ್ದೆಯ 101ನೇ ಸೆಕ್ಷನ್ನಿನಲ್ಲಿ ಕೂತಿದೆ. ವಾಸ ಎಂದರೆ ಮನುಷ್ಯ ವಾಸ್ತವವಾಗಿ ಪ್ರಧಾನವಾಗಿ ನೆಲೆಸಿರುವ ಮನೆ. ಅವನ ಉದ್ದೇಶವನ್ನು ಪರಿಗಣಿಸಬೇಕಾಗಿಲ್ಲ ಎಂದು ಅಲ್ಲಿ ಹೇಳಿದೆ. ಮನಸ್ಸೆಲ್ಲ ಅಮೆರಿಕದಲ್ಲೇ ಇತ್ತು, ವಾಪಸು ಬರುವ ಇರಾದೆ ಗಟ್ಟಿಯಾಗಿತ್ತು ಎಂಬ ಸಮಜಾಯಿಷಿ ಗ್ರೀನ್ ಕಾರ್ಡ್ ಉಳಿಸಿಕೊಳ್ಳುವ ವಾದದಲ್ಲಿ ಕೆಲಸಕ್ಕೆ ಬರಬಹುದು. ಪೌರತ್ವದ ವಾಸದ ಪ್ರಶ್ನೆಯಲ್ಲಿ ಅದರ ತೂಕ ಕಡಿಮೆ. ಆರು ತಿಂಗಳೊಳಗಿನ ಪ್ರಯಾಣಗಳೇ ಮತ್ತೆ ಮತ್ತೆ ಆಗಿದ್ದರೂ ಅವುಗಳನ್ನು ಒಟ್ಟಿಗೆ ಇಟ್ಟು ನೋಡಿ, ವಾಸ ನಿಜಕ್ಕೂ ಸತತವಾಗಿತ್ತೇ ಎಂದು ಅಳೆಯಲು ಅಧಿಕಾರಿಗೆ ಅವಕಾಶವಿದೆ ಎಂದು ವಲಸೆ ಇಲಾಖೆಯ ಕೈಪಿಡಿಯೂ ಹೇಳುತ್ತದೆ.

ಈ ನಿಯಮ ಹೀಗೆ ಎರಡು ಕವಲಾಗಿ ಬೆಳೆದ ಬಗೆ ಗೊತ್ತಿದ್ದರೆ ಅದರ ತರ್ಕ ಹಿಡಿಯುವುದು ಸುಲಭ. 1790ರ ಮೊದಲ ಕಾನೂನು ಎರಡು ವರ್ಷದ ವಾಸ ಕೇಳಿತು. 1795ರಲ್ಲಿ ಅದು ಐದಾಯಿತು, 1798ರಲ್ಲಿ ಹದಿನಾಲ್ಕಕ್ಕೆ ಏರಿತು, 1802ರಲ್ಲಿ ಮತ್ತೆ ಐದಕ್ಕೆ ಇಳಿದು ಅಲ್ಲೇ ನಿಂತಿತು. 1813ರಲ್ಲಿ ಒಂದು ವಿಚಿತ್ರ ಷರತ್ತು ಬಂತು: ಆ ಐದು ವರ್ಷದಲ್ಲಿ ಒಮ್ಮೆಯೂ ದೇಶದ ಗಡಿ ದಾಟಿರಬಾರದು. ಬರೀ ಹಾಜರಿಯನ್ನೇ ಅಳೆಯುವ ಕಾನೂನಿನ ಕೊನೆಯ ತುದಿ ಅದು. ಕೆನಡಾ ಪಕ್ಕದಲ್ಲೇ ಇರುವ ದೇಶದಲ್ಲಿ ಅದು ಎಷ್ಟು ದಿನ ನಡೆದೀತು? 1848ರಲ್ಲಿ ಆ ಷರತ್ತನ್ನು ಕಿತ್ತುಹಾಕಿದರು. ಆಮೇಲೆ ಬೆಳೆದದ್ದು ಮನೆ ಎಲ್ಲಿದೆ ಎಂದು ಕೇಳುವ ಸತತ ವಾಸದ ಪರೀಕ್ಷೆ. ಅರ್ಧ ಕಾಲದ ಹಾಜರಿಯ ಅಳತೆ ಅದಕ್ಕೆ ಜೋಡಿಯಾದದ್ದು 1952ರ ಕಾಯ್ದೆಯಲ್ಲಿ. ಎಂದರೆ ದಿನಗಳ ಎಣಿಕೆ ಇಲ್ಲಿ ವಾಸದ ಜಾಗದಲ್ಲಿ ಕೂರಲು ಬಂದದ್ದಲ್ಲ, ಅದರ ಮೇಲೆ ಇನ್ನೊಂದು ಕಾವಲಾಗಿ ಬಂದದ್ದು. (ಈ ತಿದ್ದುಪಡಿಗಳಲ್ಲಿ ಹೆಚ್ಚಿನವು ಆಗುತ್ತಿದ್ದಾಗ ಭಾರತೀಯರು ಬಾಗಿಲ ಹೊರಗೇ ಇದ್ದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಕಾನೂನು ಹೇಳುವ ‘ಬಿಳಿಯರು’ ಅಲ್ಲ ಎಂದು ತೀರ್ಪಿತ್ತು. ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯ್ದೆ.)

ಮನೆ ಎಲ್ಲಿದೆ ಎಂಬ ಈ ಪರೀಕ್ಷೆ ಹೆಚ್ಚು ತಟ್ಟುವುದು ಐಟಿ ಉದ್ಯೋಗಿಗಳಿಗಲ್ಲ, ಅವರ ತಂದೆತಾಯಿಗೆ. ಮಗನೋ ಮಗಳೋ ಅಮೆರಿಕದ ಪ್ರಜೆಯಾದ ಮೇಲೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಬೇಗ ಸಿಗುತ್ತದೆ. ವಾರ್ಷಿಕ ಮಿತಿ ಆ ವರ್ಗಕ್ಕಿಲ್ಲ. ಮೊದಲು ಬಾಣಂತನಕ್ಕೆಂದು ಹೋದವರು ಆಮೇಲೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗಿಬಂದು ಮಾಡುತ್ತಾರೆ. ಬೇಸಿಗೆ ನ್ಯೂಜೆರ್ಸಿಯಲ್ಲಿ, ಚಳಿಗಾಲ ಮೈಸೂರಿನಲ್ಲಿ. ನವೆಂಬರ್‌ನಲ್ಲಿ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡುವುದಿರುತ್ತದೆ, ಮೇಲಿನ ಮನೆಯ ಬಾಡಿಗೆದಾರರನ್ನು ವಿಚಾರಿಸಿಕೊಳ್ಳಬೇಕು, ಊರಿನ ತೋಟದ ಕೊಯ್ಲು, ನೆಂಟರಿಷ್ಟರ ಮದುವೆ ಮುಂಜಿ. ಐದು ತಿಂಗಳು ಮೂರು ವಾರ ಇದ್ದು ಮರಳಿ ವಿಮಾನ ಹತ್ತುತ್ತಾರೆ. ಹೀಗೆ ಐದು ವರ್ಷ ಮಾಡಿದರೆ ಹಾಜರಿ 913 ದಿನ ದಾಟುತ್ತದೆ, ಯಾವ ಪ್ರಯಾಣವೂ ಆರು ತಿಂಗಳು ಮುಟ್ಟಿರುವುದಿಲ್ಲ. ಕ್ಯಾಲೆಂಡರಿನ ಪ್ರಕಾರ ಪಾಸು. ಆದರೆ ಸಂದರ್ಶನದಲ್ಲಿ ಅಧಿಕಾರಿ ಕೇಳಬಹುದಾದ ಪ್ರಶ್ನೆಗಳನ್ನು ಒಮ್ಮೆ ಮುಂದಿಟ್ಟು ನೋಡಿ. ಸ್ವಂತ ಮನೆ ಎಲ್ಲಿದೆ? ಮೈಸೂರಿನಲ್ಲಿ. ವರಮಾನ ಎಲ್ಲಿಂದ? ಪಿಂಚಣಿ, ಬಾಡಿಗೆ, ಬ್ಯಾಂಕಿನ ಠೇವಣಿ, ಎಲ್ಲ ಕರ್ನಾಟಕದಲ್ಲಿ. ವೈದ್ಯರು ಯಾರು? ಅಲ್ಲಿಯವರೇ. ಅಮೆರಿಕದಲ್ಲಿ ನಿಮ್ಮ ಹೆಸರಿನಲ್ಲಿ ಏನಿದೆ? ಮಗನ ಮನೆಯ ಒಂದು ಕೋಣೆ, ಒಂದು ಬ್ಯಾಂಕ್ ಖಾತೆ. ಇಷ್ಟೂ ಉತ್ತರ ಕೇಳಿದ ಮೇಲೆ ಪ್ರಧಾನ ವಾಸ ಅಮೆರಿಕದಲ್ಲಿತ್ತು ಎಂದು ಅಧಿಕಾರಿಗೆ ಅನ್ನಿಸದಿದ್ದರೆ ತಪ್ಪು ಹೊರಿಸಲಾಗುವುದಿಲ್ಲ.

ಇಂಥವರಿಗೆ ಎರಡು ದಾರಿ. ಪೌರತ್ವ ನಿಜಕ್ಕೂ ಬೇಕಿದ್ದರೆ ಬದುಕಿನ ತೂಕವನ್ನು ಅತ್ತ ಸರಿಸಬೇಕು: ಅಮೆರಿಕದಲ್ಲಿ ತೆರಿಗೆ ರಿಟರ್ನ್, ಅಲ್ಲಿಯ ವೈದ್ಯರು, ಅಲ್ಲಿಯ ವಿಳಾಸದ ಗುರುತಿನ ಚೀಟಿ, ಮಗನ ಮನೆಯಲ್ಲೇ ಇದ್ದರೂ ಆ ವಾಸಕ್ಕೆ ದಾಖಲೆ, ಊರಿನ ಭೇಟಿ ಒಂದೆರಡು ತಿಂಗಳಿಗೆ ಇಳಿಕೆ. ಅದು ಆಗದ ಮಾತು ಎನ್ನುವವರಿಗೆ ಗ್ರೀನ್ ಕಾರ್ಡೇ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿ-2 ಭೇಟಿ ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿಗೆ ಸಿಗುತ್ತದೆ, ಪ್ರತಿ ಸಲ ಹೋದಾಗ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ವರ್ಷಕ್ಕೆ ನಾಲ್ಕೈದು ತಿಂಗಳು ಮೊಮ್ಮಕ್ಕಳ ಜೊತೆ ಇರಲು ಅಷ್ಟು ಸಾಕು. ಗ್ರೀನ್ ಕಾರ್ಡ್ ಇದ್ದವರು ಐ-407 ಎಂಬ ನಮೂನೆ ಕೊಟ್ಟು ಅದನ್ನು ತಾವಾಗಿಯೇ ಬಿಟ್ಟುಕೊಡಬಹುದು. ಬಿಟ್ಟ ಮೇಲೆ ಭೇಟಿ ವೀಸಾಕ್ಕೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಆದರೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಇದೇ ನಮೂನೆ ಮುಂದಿಟ್ಟು ಸಹಿ ಹಾಕಿ ಎಂದರೆ ಹೆದರಿ ಹಾಕಬೇಕಾಗಿಲ್ಲ. ಸಹಿ ಹಾಕದೆ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೆಂದು ಕೇಳುವ ಹಕ್ಕು ಗ್ರೀನ್ ಕಾರ್ಡ್ ಇದ್ದವರಿಗಿದೆ. ಒಂದೇ ಸಲ 180 ದಿನ ಮೀರಿ ಹೊರಗಿದ್ದು ಬಂದವರನ್ನು ಕಾನೂನು ಹೊಸದಾಗಿ ಒಳಬರುವವರಂತೆ ಕಾಣುವುದರಿಂದ ಅವರಿಗೆ ಇಂಥ ಪ್ರಶ್ನೆಗಳು ಹೆಚ್ಚು.

ಆರು ತಿಂಗಳು ಮೀರಿಬಿಟ್ಟವರ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಹಾಗೆ ಮೀರಿದವರು ಯಾವುದನ್ನು ತೋರಿಸಬಹುದು ಎಂದು ನಿಯಮಾವಳಿಯೇ ನಾಲ್ಕು ಉದಾಹರಣೆ ಕೊಟ್ಟಿದೆ: ಅಮೆರಿಕದ ಕೆಲಸ ಬಿಟ್ಟಿರಲಿಲ್ಲ, ಹತ್ತಿರದ ಕುಟುಂಬ ಅಲ್ಲೇ ಇತ್ತು, ಅಲ್ಲಿಯ ಮನೆ ಕೈಯಲ್ಲೇ ಇತ್ತು, ಹೊರದೇಶದಲ್ಲಿ ಕೆಲಸ ಹಿಡಿಯಲಿಲ್ಲ. ನಾಲ್ಕೂ ಮನೆಯ ಬಗೆಗಿನ ಮಾತುಗಳೇ, ಒಂದೂ ದಿನದ ಲೆಕ್ಕವಲ್ಲ. ಧಾರವಾಡದಲ್ಲಿ ತಂದೆಗೆ ಪಾರ್ಶ್ವವಾಯು ಹೊಡೆದು ಏಳು ತಿಂಗಳು ಆರೈಕೆಗೆ ನಿಂತ ಮಗಳನ್ನು ಊಹಿಸಿಕೊಳ್ಳಿ. ಗಂಡ ಮಕ್ಕಳು ಡಲ್ಲಾಸ್‌ನಲ್ಲಿ, ಕಂಪನಿ ಕೊಟ್ಟ ರಜೆಯ ಪತ್ರ ಕೈಯಲ್ಲಿ, ಮನೆಸಾಲದ ಕಂತು ತಪ್ಪದೆ ಹೋಗಿದೆ, ಆಸ್ಪತ್ರೆಯ ದಾಖಲೆ ಇದೆ. ಇವರು ಪೌರತ್ವ ಪಡೆಯುವ ಸಾಧ್ಯತೆ, ಮೇಲೆ ಹೇಳಿದ ಮೈಸೂರಿನ ದಂಪತಿಗಿಂತ ಹೆಚ್ಚು. ಅದೇ ಮಗಳು ಡಲ್ಲಾಸ್‌ನ ಮನೆಯನ್ನು ಬಾಡಿಗೆಗೆ ಕೊಟ್ಟು, ಮಕ್ಕಳನ್ನು ಧಾರವಾಡದ ಶಾಲೆಗೆ ಸೇರಿಸಿ, ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಅರೆಕಾಲಿಕ ಕೆಲಸ ಮಾಡಿದ್ದರೆ ಅದೇ ಏಳು ತಿಂಗಳು ಬೇರೆಯೇ ಕತೆ ಹೇಳುತ್ತದೆ.

ಕೊರೊನಾ ಕಾಲ ಇದನ್ನು ಒರೆಗೆ ಹಚ್ಚಿತು. 2020ರ ಮಾರ್ಚ್ ಕೊನೆಯ ವಾರದಲ್ಲಿ ಭಾರತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಮಾಮೂಲಿ ವೇಳಾಪಟ್ಟಿಯ ಹಾರಾಟ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಎರಡು ತಿಂಗಳಿಗೆಂದು ಬಂದವರು ಎಂಟು ಹತ್ತು ತಿಂಗಳು ಸಿಕ್ಕಿಕೊಂಡರು. ಕಾಯ್ದೆಯ ಎರಡು ಗೆರೆಗಳೇನೂ ಅಳಿಸಿಹೋಗಲಿಲ್ಲ, ಆದರೆ ಸಿಕ್ಕಿಕೊಂಡದ್ದಕ್ಕೆ ಕಾರಣ ತೋರಿಸಲು ಜಾಗವಿತ್ತು. ಆ ನಡುವೆ ವಿಶೇಷವಾಗಿ ಬಿಟ್ಟಿದ್ದ ವಂದೇ ಭಾರತ್ ಮತ್ತು ಏರ್ ಬಬಲ್ ವಿಮಾನಗಳು ಹಾರುತ್ತಿದ್ದಾಗ ಏಕೆ ಹತ್ತಲಿಲ್ಲ ಎಂಬ ಮರುಪ್ರಶ್ನೆಗೂ ಜಾಗವಿತ್ತು. ರದ್ದಾದ ಟಿಕೆಟ್, ಏರ್‌ಲೈನ್ಸ್ ಕಳಿಸಿದ ಇಮೇಲ್, ವೈದ್ಯರ ಚೀಟಿ ಇಂಥವನ್ನು ಎತ್ತಿಟ್ಟವರ ಕೈ ಮೇಲಾಗುವುದು ಸಹಜ.

ಒಂದು ವರ್ಷದ ಗೆರೆ ದಾಟಿದವರ ಲೆಕ್ಕ ಬೇರೆ. ಅವರು ಅಮೆರಿಕಕ್ಕೆ ಮರಳಿದ ದಿನದಿಂದ ನಾಲ್ಕು ವರ್ಷ ಒಂದು ದಿನ ಕಾಯಬೇಕು. ಪ್ರಜೆಯನ್ನು ಮದುವೆಯಾಗಿ ಮೂರು ವರ್ಷದ ದಾರಿಯಲ್ಲಿರುವವರು ಎರಡು ವರ್ಷ ಒಂದು ದಿನ. ಐದಲ್ಲ, ನಾಲ್ಕು ಯಾಕೆ? ಉದಾಹರಣೆಗೆ 2021ರ ಜೂನ್ 10ಕ್ಕೆ ಹೊರಟು 2022ರ ಜೂನ್ 20ಕ್ಕೆ ಮರಳಿದವರು 2026ರ ಜೂನ್ 21ರಂದು ಅರ್ಜಿ ಹಾಕಿದರೆ, ಹಿಂದಿನ ಐದು ವರ್ಷದ ಕಿಟಕಿಯೊಳಗೆ ಬೀಳುವ ಗೈರುಹಾಜರಿ ಒಂದು ವರ್ಷಕ್ಕೆ ಒಂದು ದಿನ ಕಡಿಮೆ. ಆದರೆ ಅದು ಇನ್ನೂ ಆರು ತಿಂಗಳಿಗಿಂತ ಹೆಚ್ಚೇ ಆದ್ದರಿಂದ ವಾಸ ಮುರಿದಿದೆ ಎಂಬ ಭಾವನೆಯನ್ನು ದಾಖಲೆ ಕೊಟ್ಟು ಅಳಿಸಬೇಕು. ದಾಖಲೆ ಗಟ್ಟಿಯಿಲ್ಲದವರು ನಾಲ್ಕೂವರೆ ವರ್ಷ ತುಂಬುವವರೆಗೆ, ಈ ಉದಾಹರಣೆಯಲ್ಲಿ 2026ರ ಡಿಸೆಂಬರ್ ಕೊನೆಯವರೆಗೆ, ತಡೆದು ಅರ್ಜಿ ಹಾಕುವುದು ಲೇಸು. ಆರು ತಿಂಗಳ ತಾಳ್ಮೆ ಒಂದು ತಿರಸ್ಕಾರವನ್ನು ತಪ್ಪಿಸುತ್ತದೆ. ಕಾಗದದಲ್ಲಿ ಅರ್ಜಿ ಹಾಕಲು 2024ರ ಏಪ್ರಿಲ್‌ನಿಂದ 760 ಡಾಲರ್, ಆನ್‌ಲೈನ್‌ನಲ್ಲಿ 710 ಡಾಲರ್ ಆಗಿರುವಾಗ ಅದೇನು ಸಣ್ಣ ಉಳಿತಾಯವಲ್ಲ.

ರೀ-ಎಂಟ್ರಿ ಪರ್ಮಿಟ್ ಕೈಯಲ್ಲಿತ್ತಲ್ಲ, ಮತ್ತೇನು ತೊಂದರೆ ಎನ್ನುವವರಿದ್ದಾರೆ. ಈ ವಿಷಯದಲ್ಲಿ ಇದಕ್ಕಿಂತ ದುಬಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಅಮೆರಿಕದಲ್ಲಿದ್ದಾಗಲೇ ಐ-131 ಅರ್ಜಿ ಹಾಕಿ ಪಡೆಯುವ, ಸಾಮಾನ್ಯವಾಗಿ ಎರಡು ವರ್ಷ ಚಾಲ್ತಿಯಲ್ಲಿರುವ ಈ ಪರವಾನಗಿ ಗಡಿಯಲ್ಲಿ ಒಳಗೆ ಬಿಡಿಸಿಕೊಳ್ಳಲು ನೆರವಾಗುತ್ತದೆ, ಗ್ರೀನ್ ಕಾರ್ಡನ್ನು ಕಾಯುತ್ತದೆ. ಪೌರತ್ವದ ಸತತ ವಾಸವನ್ನು ಕಾಯುವುದಿಲ್ಲ. ಹದಿನಾಲ್ಕು ತಿಂಗಳು ಹೊರಗಿದ್ದು ಪರ್ಮಿಟ್ ತೋರಿಸಿ ನಗುತ್ತ ಒಳಬಂದವರಿಗೂ ನಾಲ್ಕು ವರ್ಷ ಒಂದು ದಿನದ ಆ ಕಾಯುವಿಕೆ ಅಂದಿನಿಂದಲೇ ಶುರು. ವಾಸವನ್ನು ಕಾಯುವ ಕಾಗದ ಬೇರೆ ಇದೆ, ಎನ್-470 ಎಂದು. ಆದರೆ ಅದರ ಬಾಗಿಲು ಕಿರಿದು. ಗ್ರೀನ್ ಕಾರ್ಡ್ ಬಂದ ಮೇಲೆ ಕನಿಷ್ಠ ಒಂದು ವರ್ಷ ಒಂದು ದಿನವೂ ಬಿಡದೆ ಅಮೆರಿಕದಲ್ಲಿ ಇದ್ದಿರಬೇಕು. ಹೊರಗಿನ ವಾಸ ಒಂದು ವರ್ಷ ಆಗುವುದರೊಳಗೆ ಅರ್ಜಿ ಹಾಕಬೇಕು. ಹೊರಗೆ ಹೋಗುವುದು ಅಮೆರಿಕ ಸರ್ಕಾರದ, ಮಾನ್ಯತೆ ಪಡೆದ ಅಮೆರಿಕನ್ ಸಂಶೋಧನಾ ಸಂಸ್ಥೆಯ, ವಿದೇಶ ವ್ಯಾಪಾರದಲ್ಲಿರುವ ಅಮೆರಿಕನ್ ಕಂಪನಿಯ ಅಥವಾ ಅರ್ಧಕ್ಕಿಂತ ಹೆಚ್ಚು ಷೇರು ಅಂಥ ಕಂಪನಿಯ ಕೈಲಿರುವ ಅಂಗಸಂಸ್ಥೆಯ ಕೆಲಸದಂಥ, ಕಾನೂನು ಹೆಸರಿಸಿದ ಕೆಲವೇ ಕೆಲಸಗಳಿಗೆ ಆಗಿರಬೇಕು. ಧಾರ್ಮಿಕ ಸೇವೆಗೆ ಹೋಗುವವರಿಗೆ ಬೇರೆ ಕಲಮು. ಇಷ್ಟಾದರೂ ಕಂಪನಿಯ ಕೆಲಸಕ್ಕೆ ಹೋದವರಿಗೆ 913 ದಿನದ ಹಾಜರಿಯಿಂದ ವಿನಾಯಿತಿಯಿಲ್ಲ.

ಇದನ್ನು ಓದಿದವರು ಎತ್ತಬಹುದಾದ ಆಕ್ಷೇಪ ನ್ಯಾಯವಾದದ್ದೇ. ಅಮೆರಿಕದಲ್ಲಿ ವ್ಯವಹಾರ ನಡೆಸುವ ಭಾರತೀಯ ಮಾಲೀಕತ್ವದ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಯನ್ನು ಕಂಪನಿಯೇ ಬೆಂಗಳೂರಿಗೆ ಎರಡು ವರ್ಷ ಕಳಿಸಿದರೆ ಅದರಲ್ಲಿ ಅವರ ತಪ್ಪೇನು? ಅವರಿಗೆ ಎನ್-470 ಸಿಗುವುದು ಕಷ್ಟ, ಏಕೆಂದರೆ ಮಾಲೀಕತ್ವ ಅಮೆರಿಕನ್ ಅಲ್ಲ. ಪಕ್ಕದ ಟೇಬಲ್ಲಿನ ಅಮೆರಿಕನ್ ಕಂಪನಿಯವರಿಗೆ ಸಿಗಬಹುದು. ಇದು ತಾರತಮ್ಯದ ಹಾಗೆ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾನೂನು ಇಲ್ಲಿ ಉದ್ಯೋಗಿಯ ಅನುಕೂಲ ನೋಡುತ್ತಿಲ್ಲ, ಅಮೆರಿಕದ ಹಿತಕ್ಕಾಗಿ ಹೊರಗೆ ದುಡಿಯುವವರಿಗೆ ಕೊಟ್ಟ ಒಂದು ರಿಯಾಯಿತಿ ಇದು. ಆದ್ದರಿಂದ ವರ್ಗಾವಣೆಯ ಆದೇಶಕ್ಕೆ ತಲೆಯಾಡಿಸುವ ಮುಂಚೆ ಕಂಪನಿಯ ವಕೀಲರನ್ನು ಕೇಳಬೇಕಾದ ಪ್ರಶ್ನೆ ಪರ್ಮಿಟ್ ಸಿಗುತ್ತದೆಯೇ ಎಂಬುದಲ್ಲ, ಎನ್-470 ನಮಗೆ ಅನ್ವಯಿಸುತ್ತದೆಯೇ ಎಂಬುದು. ಅಮೆರಿಕದ ಸಂಬಳ ಪಡೆಯುತ್ತ ಬೆಂಗಳೂರಿನ ಅಪ್ಪನ ಮನೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು. ಕೆಲಸ ಉಳಿದಿದೆ ಎಂಬುದು ಒಂದು ಸಾಕ್ಷಿ ಮಾತ್ರ. ಅಲ್ಲಿಯ ಮನೆ ಖಾಲಿ ಮಾಡಿದ್ದರೆ ಅದೊಂದೇ ನಿಲ್ಲುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ಮನೆ ಎಲ್ಲಿದೆ ಎಂದು ಅಳೆಯುವುದು ಅಧಿಕಾರಿಯ ಮರ್ಜಿಗೆ ಬಿಟ್ಟಂತೆ. ದಿನ ಎಣಿಸುವುದೇ ಎಲ್ಲರಿಗೂ ಸಮಾನ ಎಂಬುದು ಆ ಆಕ್ಷೇಪ. ಕೆನಡಾ ಈ ವಾದವನ್ನೇ ಒಪ್ಪಿದ ದೇಶ. ಅಲ್ಲಿಯೂ ಮೊದಲು ಕೆಲವು ನ್ಯಾಯಾಧೀಶರು ದಿನ ಎಣಿಸುತ್ತಿದ್ದರು, ಕೆಲವರು ಬದುಕಿನ ಕೇಂದ್ರ ಎಲ್ಲಿದೆ ಎಂದು ನೋಡುತ್ತಿದ್ದರು. ಒಂದೇ ಬಗೆಯ ಅರ್ಜಿಗೆ ಎರಡು ಬಗೆಯ ತೀರ್ಪು ಬರುತ್ತಿತ್ತು. 2015ರಲ್ಲಿ ಅದನ್ನು ನಿಲ್ಲಿಸಿ ಆರು ವರ್ಷದಲ್ಲಿ 1,460 ದಿನ ಖುದ್ದಾಗಿ ಇದ್ದಿರಬೇಕು ಎಂದರು, 2017ರ ಅಕ್ಟೋಬರ್‌ನಲ್ಲಿ ಅದನ್ನು ಐದು ವರ್ಷದಲ್ಲಿ 1,095 ದಿನಕ್ಕೆ ಇಳಿಸಿದರು. ಒಂದೇ ಸಲ ಒಂದು ವರ್ಷ ಹೊರಗಿದ್ದರೂ ಉಳಿದ ದಿನ ಕೂಡಿದರೆ ಸಾಕು. ಪರ್ಮನೆಂಟ್ ರೆಸಿಡೆಂಟ್ ಆಗುವ ಮುಂಚೆ ಅಧಿಕೃತವಾಗಿ ಇದ್ದ ದಿನಗಳಿಗೆ ಅರ್ಧ ದಿನದ ಲೆಕ್ಕದಲ್ಲಿ 365 ದಿನದವರೆಗೆ ಜಮಾ ಕೂಡ ಉಂಟು. ಬ್ರಿಟನ್ನಿನಲ್ಲಿ ಎಣಿಸುವುದು ಗೈರುಹಾಜರಿಯನ್ನು: ಐದು ವರ್ಷದಲ್ಲಿ 450 ದಿನ, ಕೊನೆಯ ಹನ್ನೆರಡು ತಿಂಗಳಲ್ಲಿ 90 ದಿನ ಮೀರಬಾರದು, ಐದು ವರ್ಷದ ಹಿಂದಿನ ಆ ಮೊದಲ ದಿನ ದೇಶದೊಳಗೆ ಇದ್ದಿರಲೇಬೇಕು. ಪ್ರಯಾಣಿಕರ ಕಣ್ಣಿಂದ ನೋಡಿದರೆ ಕೆನಡಾದ ನಿಯಮ ಸ್ಪಷ್ಟ, ನೆಮ್ಮದಿಯದು, ಅದನ್ನು ಅಲ್ಲಗಳೆಯಲಾರೆ. ಅಮೆರಿಕದ ನಿಯಮಕ್ಕೆ ಇರುವ ಒಂದು ಗುಣವೆಂದರೆ ಅದು ಕೇಳುವ ಹಾಜರಿ ಕಡಿಮೆ, ಮೂರು ವರ್ಷದ ಬದಲು ಎರಡೂವರೆ. ಆ ರಿಯಾಯಿತಿಗೆ ಪ್ರತಿಯಾಗಿ ಉಳಿದ ಎರಡೂವರೆ ವರ್ಷದ ಬಗ್ಗೆ ಪ್ರಶ್ನೆ ಕೇಳುವ ಅಧಿಕಾರವನ್ನು ಅದು ಇಟ್ಟುಕೊಂಡಿದೆ. ತೊಂದರೆಯಾಗುವುದು ಟೊರೊಂಟೊದ ನೆಂಟರ ಸಲಹೆಯನ್ನು ವಾಟ್ಸ್‌ಆಪ್‌ನಲ್ಲಿ ಓದಿ ಹ್ಯೂಸ್ಟನ್ನಿನಲ್ಲಿ ಅನ್ವಯಿಸಿದಾಗ. ಅಂದಹಾಗೆ ಭಾರತದ 1955ರ ಪೌರತ್ವ ಕಾಯ್ದೆಯೂ ವಿದೇಶಿಯರಿಂದ ಕೇಳುವುದು ಕಡಿಮೆಯೇನಲ್ಲ: ಅರ್ಜಿಯ ಹಿಂದಿನ ಹನ್ನೆರಡು ತಿಂಗಳು ಸತತವಾಗಿ, ಅದಕ್ಕೂ ಹಿಂದಿನ ಹದಿನಾಲ್ಕು ವರ್ಷದಲ್ಲಿ ಹನ್ನೊಂದು ವರ್ಷ ಇಲ್ಲಿದ್ದಿರಬೇಕು ಎಂಬುದು ಅದರ ಸಾಮಾನ್ಯ ನಿಯಮ.

ಮನೆ ಎಲ್ಲಿ ಎಂಬುದಕ್ಕೆ ತೆರಿಗೆಯ ಕಾಗದದಷ್ಟು ಜೋರಾಗಿ ಮಾತಾಡುವ ಸಾಕ್ಷಿ ಇನ್ನೊಂದಿಲ್ಲ. ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಎಲ್ಲ ವರಮಾನವನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಶಿವಮೊಗ್ಗದ ಮನೆಯ ಬಾಡಿಗೆ, ಸೊಸೈಟಿಯ ಬಡ್ಡಿ ಕೂಡ ಅದರೊಳಗೆ ಬರುತ್ತದೆ. ಭಾರತದ ಖಾತೆಗಳಲ್ಲಿ ವರ್ಷದ ಯಾವುದೇ ದಿನ ಒಟ್ಟು 10,000 ಡಾಲರ್ ಮೀರಿದ್ದರೆ ಬೇರೆ ವರದಿಯೂ ಸಲ್ಲಬೇಕು. ತೆರಿಗೆ ಉಳಿಸಲೆಂದು ನಾನು ಅಮೆರಿಕದ ಅನಿವಾಸಿ ಎಂದು ರಿಟರ್ನ್‌ನಲ್ಲಿ ಬರೆದುಕೊಂಡವರು, ಅಥವಾ ಅನಿವಾಸಿ ಎಂದುಕೊಂಡು ರಿಟರ್ನ್ ಹಾಕದೆ ಬಿಟ್ಟವರು, ವಾಸವನ್ನು ತೊರೆದಿದ್ದಾರೆ ಎಂದು ಭಾವಿಸಲು ನಿಯಮಾವಳಿಯೇ ದಾರಿ ಮಾಡಿಕೊಟ್ಟಿದೆ. ಒಂದು ಇಲಾಖೆಗೆ ಅನಿವಾಸಿ, ಇನ್ನೊಂದಕ್ಕೆ ನಿವಾಸಿ ಎಂದು ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವಿಲ್ಲ. 2025ರ ಆಗಸ್ಟ್‌ನಲ್ಲಿ ವಲಸೆ ಇಲಾಖೆ, ಅರ್ಜಿದಾರರ ವಾಸದ ಜಾಗದಲ್ಲೂ ಕೆಲಸದ ಜಾಗದಲ್ಲೂ ವಿಚಾರಣೆ ನಡೆಸುವ ಹಳೆಯ ಅಧಿಕಾರವನ್ನು ಮತ್ತೆ ಬಳಸುವುದಾಗಿ ಹೇಳಿದೆ. ಅಕ್ಕಪಕ್ಕದವರನ್ನು ಕೇಳಿದರೆ ಅವರು ದಿನದ ಲೆಕ್ಕ ಹೇಳುವುದಿಲ್ಲ. ಇಲ್ಲೇ ಇದ್ದಾರೆ ಅಥವಾ ಅಪರೂಪಕ್ಕೆ ಕಾಣುತ್ತಾರೆ, ಇಷ್ಟೇ ಹೇಳುತ್ತಾರೆ.

ಅರ್ಜಿಯಲ್ಲಿ ಐದು ವರ್ಷದ ಪ್ರಯಾಣಗಳ ಪಟ್ಟಿ ಕೊಡಬೇಕು, 24 ಗಂಟೆಗಿಂತ ಹೆಚ್ಚಿನ ಪ್ರತಿಯೊಂದನ್ನೂ. ಪಾಸ್‌ಪೋರ್ಟಿನ ಮೊಹರನ್ನಷ್ಟೇ ನಂಬಬೇಡಿ. ಇ-ಟಿಕೆಟ್‌ಗಳನ್ನು ಒಂದು ಕಡೆ ಇಟ್ಟಿರಿ, ನವೀಕರಣವಾದ ಮೇಲೆ ಹಿಂದಿರುಗಿಸಿದ ಹಳೆಯ ಪಾಸ್‌ಪೋರ್ಟ್ ಎಸೆಯಬೇಡಿ. ನೆನಪಿಲ್ಲವೆಂದು ಒಂದು ಪ್ರಯಾಣ ಬಿಟ್ಟರೆ ವಾಸದ ಪ್ರಶ್ನೆ ಸತ್ಯಸಂಧತೆಯ ಪ್ರಶ್ನೆಯಾಗಿ ತಿರುಗುತ್ತದೆ, ಅದು ಇನ್ನೂ ಕೆಟ್ಟದ್ದು. ಅರ್ಜಿ ಹಾಕಿದ ಮೇಲೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ಹಾಜರಿಯ ಎಣಿಕೆ ಅಲ್ಲಿಗೆ ಮುಗಿದಿರುತ್ತದೆ. ಸತತ ವಾಸ ಮಾತ್ರ ಪ್ರಮಾಣವಚನದ ದಿನದವರೆಗೂ ಮುಂದುವರಿಯಬೇಕು. ಅರ್ಜಿ ಹಾಕಿ ಊರಿಗೆ ಬಂದು ಸಂದರ್ಶನದ ಪತ್ರ ಬರುವವರೆಗೆ ಎಂಟು ತಿಂಗಳು ಕೂರುವವರು ಕೊನೆಯ ಮೆಟ್ಟಿಲಲ್ಲಿ ಜಾರುತ್ತಾರೆ. ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಎನ್-336 ಹಾಕಿ ಮರುವಿಚಾರಣೆ ಕೇಳಬಹುದು, ಆಮೇಲೆ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಅರ್ಜಿ ಹಾಕುವುದೆಂದರೆ ಇಡೀ ಕಡತವನ್ನು ತೆರೆದುಕೊಡುವುದು. ವಾಸವನ್ನೇ ತೊರೆದಿದ್ದಾರೆ ಎಂದು ಅಧಿಕಾರಿಗೆ ಕಂಡರೆ ತೊಂದರೆ ಪೌರತ್ವಕ್ಕೆ ನಿಲ್ಲದೆ ಗ್ರೀನ್ ಕಾರ್ಡಿನವರೆಗೆ ಹೋಗಬಹುದು. ಆರು ತಿಂಗಳು ಮೀರಿದ ಪ್ರಯಾಣ, ಅನಿವಾಸಿ ರಿಟರ್ನ್, ವರ್ಷದ ಅರ್ಧ ಭಾಗ ಹೊರಗೆ ಕಳೆದ ಚರಿತ್ರೆ ಇವುಗಳಲ್ಲಿ ಒಂದಿದ್ದರೂ ಅರ್ಜಿಗೆ ಮುಂಚೆ ವಲಸೆ ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ.

ಪ್ರಮಾಣವಚನದ ದಿನದ ಪ್ರಯಾಣದ ತೊಡಕೊಂದು ಉಳಿಯಿತು. ಸಮಾರಂಭದಲ್ಲಿ ಗ್ರೀನ್ ಕಾರ್ಡ್ ವಾಪಸು ಕೊಟ್ಟುಬಿಡಬೇಕು. ಕೈಗೆ ಬರುವ ಪೌರತ್ವದ ಪ್ರಮಾಣಪತ್ರ ಪ್ರಯಾಣದ ದಾಖಲೆಯಲ್ಲ. ಭಾರತದ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅದೇ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಭಾರತದ ಪಾಸ್‌ಪೋರ್ಟಿನಲ್ಲಿ ಇನ್ನು ಪ್ರಯಾಣ ಮಾಡುವಂತಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಬರಬೇಕು, ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು, ಆಮೇಲೆ ಒಸಿಐ ಕಾರ್ಡಿಗೆ ಅರ್ಜಿ. ಎಲ್ಲ ಸೇರಿ ವಾರಗಳ ಕೆಲಸ. ಆ ನಡುವೆ ಊರಿಗೆ ಹೋಗಲೇಬೇಕಾಗಿ ಬಂದರೆ ಪಾಸ್‌ಪೋರ್ಟನ್ನು ತುರ್ತಾಗಿ ಪಡೆದು ಭಾರತದ ಇ-ವೀಸಾಕ್ಕೆ ಅರ್ಜಿ ಹಾಕುವ ದಾರಿಯಿದೆ. ಮದುವೆ ಮುಂಜಿಗೆ ಹೋಗುವವರು ಪ್ರಮಾಣವಚನದ ಮರುವಾರಕ್ಕೆ ಟಿಕೆಟ್ ಮಾಡಿಸದಿರಲಿ. ಹೋಗಿ ಬಂದ ಮೇಲೆ ಪ್ರಮಾಣ ಸ್ವೀಕರಿಸುತ್ತೇನೆ, ದಿನಾಂಕ ಮುಂದೂಡಿ ಎಂದು ಇಲಾಖೆಯನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಬಹುದು.